ಪ್ರೆಸ್ಸಿನ ಸರ್ವರಿಗೆ ಫ್ರೀಬಿಎಸ್‌ಡಿಯೋ ಲಿನಕ್ಸೋ: ಧನಿಗಳಿಗೆ ಏನೆಂದು ಹೇಳಲಿ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ, ಕಂಪ್ಯೂಟರುಗಳ ಉಸ್ತುವಾರಿಯೂ ನನ್ನದೇ. ವಿಂಡೋಸಿನ ಒಂಬತ್ತು ಕಂಪ್ಯೂಟರುಗಳಿವೆ, ಡಿಸೈನಿಗೆ ಒಂದು ಮ್ಯಾಕ್ ಇದೆ, ಎಲ್ಲರ ಫೈಲುಗಳನ್ನೂ ಇಡಲು ಒಂದು ಸರ್ವರ್ ಇದೆ. ಸರ್ವರಿನಲ್ಲಿರುವುದು ಸೆಂಟ್‌ಓಎಸ್ 7 ಎಂಬ ಲಿನಕ್ಸ್. ಅದಕ್ಕೆ ಅಪ್‌ಡೇಟ್ ಬರುವುದು ನಿಂತಿದೆ. ಅದರ ಜಾಗದಲ್ಲಿ ಫ್ರೀಬಿಎಸ್‌ಡಿ ಎಂಬ, ಲಿನಕ್ಸಿನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಬೇಕೆಂದು ನನ್ನ ಆಸೆ. ಮನೆಯಲ್ಲಿ ಎರಡು ವರ್ಷದಿಂದ ಬಳಸುತ್ತಿದ್ದೇನೆ. ಧನಿಗಳು ಮಾತ್ರ, "ಮಕ್ಕಳೆಲ್ಲ ಶಾಲೆಯಲ್ಲಿ ಕಲಿಯುವುದು ಉಬುಂಟು ಲಿನಕ್ಸ್. ಅದನ್ನೇ ಹಾಕು. ನಾಳೆ ನೀನಿಲ್ಲದಿದ್ದರೆ ಯಾರನ್ನಾದರೂ ಕರೆಯಬಹುದಲ್ಲ" ಎನ್ನುತ್ತಾರೆ. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ, ಎರಡೂ ಮುಕ್ತ ತಂತ್ರಾಂಶಗಳೇ. ನನ್ನ ಮಾತನ್ನು ಅವರಿಗೆ ಹೇಗೆ ಒಪ್ಪಿಸಲಿ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಧನಿಗಳ ಒಂದು ಮಾತಿನ ಹತ್ತಿರ ನಿಂತೆ: "ನಾಳೆ ನೀನಿಲ್ಲದಿದ್ದರೆ." ಫ್ರೀಬಿಎಸ್‌ಡಿಯ ಗುಣಗಳನ್ನು ಪಟ್ಟಿ ಮಾಡಿ ಅವರ ಮುಂದೆ ಇಟ್ಟರೆ ಈ ಮಾತಿಗೆ ಉತ್ತರ ಸಿಗುವುದಿಲ್ಲ. ಅವರು ಕೇಳುತ್ತಿರುವುದು ಯಾವುದು ಒಳ್ಳೆಯದು ಎಂದಲ್ಲ, ನೀವು ಬೇರೆ ಕೆಲಸಕ್ಕೆ ಹೋದ ದಿನ, ಇಲ್ಲವೇ ಜ್ವರ ಬಂದು ಮಲಗಿದ ದಿನ, ಬ್ರಹ್ಮಕಲಶೋತ್ಸವದ ಆಮಂತ್ರಣದ ಫೈಲನ್ನು ತೆರೆಯುವವರು ಯಾರು ಎಂದು. ಆ ಹೆದರಿಕೆ ನ್ಯಾಯವಾದದ್ದು. ಯಾಕೆಂದು ನನ್ನ ಅನುಭವದಿಂದಲೇ ಹೇಳುತ್ತೇನೆ.

ಬಹಳ ವರ್ಷಗಳ ಹಿಂದೆ ನಮ್ಮ ಜಿಲ್ಲೆಯದೇ ಒಂದು ಕಚೇರಿಯಲ್ಲಿ ನಾನು ನಿಮ್ಮ ಹಾಗೆಯೇ ವಾದಿಸಿ, ಗೆದ್ದು, ಫ್ರೀಬಿಎಸ್‌ಡಿ ಸರ್ವರ್ ಕಟ್ಟಿದ್ದೆ. ಎರಡು ಡಿಸ್ಕುಗಳಲ್ಲಿ ಒಂದರ ಪಡಿಯಚ್ಚು ಇನ್ನೊಂದರಲ್ಲಿ. ಚೆನ್ನಾಗಿ ನಡೆಯುತ್ತಿತ್ತು. ನಾನು ಆ ಕೆಲಸ ಬಿಟ್ಟೆ. ಮುಂದಿನ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಯಂತ್ರ ಏಳಲಿಲ್ಲ. ಮದರ್‌ಬೋರ್ಡಿನ ಮೇಲಿರುವ ನಾಣ್ಯದ ಗಾತ್ರದ ಬ್ಯಾಟರಿ ಸತ್ತು, ಯಾವ ಡಿಸ್ಕಿನಿಂದ ಬೂಟ್ ಆಗಬೇಕೆಂಬ ಬಯೋಸ್ ಸೆಟ್ಟಿಂಗ್ ಅಳಿಸಿಹೋಗಿತ್ತು. ಅಷ್ಟೇ. ಗೊತ್ತಿದ್ದವರಿಗೆ ಐದು ನಿಮಿಷದ ಕೆಲಸ. ಆದರೆ ಕರೆದು ತಂದ ರಿಪೇರಿಯವನಿಗೆ ಫ್ರೀಬಿಎಸ್‌ಡಿ ಎಂಬ ಹೆಸರೇ ಹೊಸದು. ಡಿಸ್ಕು ಬಿಚ್ಚಿ ತನ್ನ ವಿಂಡೋಸ್ ಯಂತ್ರಕ್ಕೆ ಸಿಕ್ಕಿಸಿದ. ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದು ವಿಂಡೋಸ್ ಹೇಳಿತು, ಅವನು ಒಪ್ಪಿದ. ಒಂದರಲ್ಲಿ ಏನೂ ಇಲ್ಲವೆಂದು ಕಂಡು ಎರಡನೆಯದಕ್ಕೂ ಹಾಗೆಯೇ ಮಾಡಿದ. ಕೊನೆಗೆ ಉಳಿದದ್ದು ಕಪಾಟಿನಲ್ಲಿದ್ದ ನಾಲ್ಕು ತಿಂಗಳ ಹಿಂದಿನ ಒಂದು ಪ್ರತಿ. ನಡುವಿನ ನಾಲ್ಕು ತಿಂಗಳ ಕೆಲಸವನ್ನು ಆ ಕಚೇರಿಯವರು ಕಾಗದಗಳಿಂದ ಮತ್ತೆ ಟೈಪ್ ಮಾಡಿದರು.

ಲಿನಕ್ಸಿನ ಡಿಸ್ಕಾಗಿದ್ದರೂ ವಿಂಡೋಸ್ ಅದೇ ಮಾತು ಹೇಳುತ್ತಿತ್ತು. ಆದರೆ ಲಿನಕ್ಸ್ ಎಂಬ ಹೆಸರು ಆ ಹುಡುಗನಿಗೆ ಗೊತ್ತಿತ್ತು, ಕೈ ಹಾಕುವ ಮೊದಲು ಯಾರನ್ನಾದರೂ ಕೇಳುತ್ತಿದ್ದ. ಅವನನ್ನು ನಾನು ಇವತ್ತಿಗೂ ದೂರುವುದಿಲ್ಲ. ಡಬ್ಬದ ಮೇಲೆ ಒಂದು ಚೀಟಿ ಅಂಟಿಸದೆ ಹೊರಟುಹೋದವನು ನಾನು.

ಈಗ ನಿಮ್ಮ ಪ್ರೆಸ್ಸಿನ ಮಾತಿಗೆ ಬರೋಣ. ಧನಿಗಳೂ ನೀವೂ ಒಪ್ಪಿರುವ ಒಂದು ಸಂಗತಿ ಆಗಲೇ ಇದೆ, ಮಾತನ್ನು ಅಲ್ಲಿಂದಲೇ ಶುರು ಮಾಡಿ. ಸೆಂಟ್‌ಓಎಸ್ 7ಕ್ಕೆ ಭದ್ರತಾ ಅಪ್‌ಡೇಟುಗಳು 2024ರ ಜೂನ್ 30ಕ್ಕೆ ಮುಗಿದವು. ಇದ್ದದ್ದು ಇರಲಿ ಎನ್ನುವ ದಾರಿ ಇಲ್ಲ, ಹೇಗಿದ್ದರೂ ಒಮ್ಮೆ ಬದಲಿಸಲೇಬೇಕು. ಹಾಗಾಗಿ ನೀವು ಕೇಳುತ್ತಿರುವುದು ಹೊಸ ಖರ್ಚಿಗೆ ಅನುಮತಿ ಅಲ್ಲ. ಬರಲೇಬೇಕಾದ ಕೆಲಸವನ್ನು ಯಾವ ದಾರಿಯಲ್ಲಿ ಮಾಡುವುದು ಎಂಬುದಷ್ಟೇ ತೀರ್ಮಾನವಾಗಬೇಕು. ಸೆಂಟ್‌ಓಎಸ್‌ನ ಕಥೆಯಲ್ಲಿ ಧನಿಗಳಿಗೆ ಅರ್ಥವಾಗುವ ಇನ್ನೊಂದು ವಿಷಯವೂ ಇದೆ. ಅದರ 8ನೇ ಆವೃತ್ತಿ 2029ರವರೆಗೆ ನಡೆಯುತ್ತದೆಂದು ನಂಬಿ ಎಷ್ಟೋ ಕಚೇರಿಗಳು ಹಾಕಿಕೊಂಡಿದ್ದವು. 2020ರ ಡಿಸೆಂಬರಿನಲ್ಲಿ, ಅದನ್ನು ನಡೆಸುವ ರೆಡ್ ಹ್ಯಾಟ್ ಕಂಪನಿ, 2021ರ ಕೊನೆಗೇ ನಿಲ್ಲಿಸುತ್ತೇವೆ ಎಂದು ಹೇಳಿಬಿಟ್ಟಿತು. ಆ ಗಲಿಬಿಲಿಯಲ್ಲೇ ರಾಕಿ ಲಿನಕ್ಸ್, ಆಲ್ಮಾಲಿನಕ್ಸ್ ಎಂಬ ಬದಲಿಗಳು ಹುಟ್ಟಿದ್ದು. ಒಂದೇ ಕಂಪನಿಯ ಕೈಯಲ್ಲಿರುವ ವ್ಯವಸ್ಥೆಯನ್ನು ಆ ಕಂಪನಿ ಯಾವಾಗ ಬೇಕಾದರೂ ತಿರುಗಿಸಬಹುದು. ಫ್ರೀಬಿಎಸ್‌ಡಿ 1993ರಿಂದ ಒಂದು ಯೋಜನೆಯಾಗಿ ನಡೆದುಬಂದದ್ದು, ಅದಕ್ಕೆ ಒಡೆಯ ಕಂಪನಿ ಇಲ್ಲ. ಡೆಬಿಯನ್ ಎಂಬ ಲಿನಕ್ಸ್ ಕೂಡ ಅದೇ ವರ್ಷದ್ದು, ಅದಕ್ಕೂ ಇಲ್ಲ. ಉಬುಂಟುವಿಗೆ ಕೆನಾನಿಕಲ್ ಎಂಬ ಕಂಪನಿ ಇದೆ. ಇದು ನಿಮ್ಮ ಪರವಾದ ಮಾತೇ. ಆದರೆ ಡೆಬಿಯನ್ನಿಗೂ ಅಷ್ಟೇ ಪರವಾಗಿದೆ ಎಂಬುದನ್ನು ಮುಚ್ಚಿಡಬೇಡಿ.

ಕೆಲವು ವಾದಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ನೆಟ್‌ಫ್ಲಿಕ್ಸ್ ತನ್ನ ವಿಡಿಯೋ ಹಂಚುವ ಸರ್ವರುಗಳಲ್ಲಿ ಫ್ರೀಬಿಎಸ್‌ಡಿ ಬಳಸುತ್ತದೆ ಎಂಬುದು ನಿಜ. ಆದರೆ ನೆಟ್‌ಫ್ಲಿಕ್ಸಿನಲ್ಲಿ ಅದನ್ನು ನೋಡಿಕೊಳ್ಳಲು ಇಂಜಿನಿಯರುಗಳ ದಂಡೇ ಇದೆ, ನಿಮ್ಮ ಪ್ರೆಸ್ಸಿನಲ್ಲಿ ನೀವೊಬ್ಬರೇ. ಆ ಉದಾಹರಣೆ ತಿರುಗಿ ನಿಮಗೇ ಬಡಿಯುತ್ತದೆ. ಲೈಸೆನ್ಸುಗಳ ವ್ಯತ್ಯಾಸವೂ ಬೇಡ. ಬಿಎಸ್‌ಡಿ ಲೈಸೆನ್ಸು ಹೇಗೆ, ಲಿನಕ್ಸಿನ ಜಿಪಿಎಲ್ ಲೈಸೆನ್ಸು ಹೇಗೆ ಎಂಬ ಚರ್ಚೆ ನನಗೂ ಪ್ರಿಯವೇ, ಆದರೆ ಮದುವೆ ಕಾಗದ, ರಶೀದಿ ಪುಸ್ತಕ ಅಚ್ಚುಹಾಕುವವರಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ. ಲಿನಕ್ಸನ್ನು ಹೀಗಳೆಯುವ ಮಾತಂತೂ ಬೇಡವೇ ಬೇಡ. ಕೇರಳದ ಶಾಲೆಗಳಲ್ಲಿ ಐಟಿ@ಸ್ಕೂಲ್ ಯೋಜನೆಯ ಕಾಲದಿಂದ, ಈಗ ಕೈಟ್ ಎಂಬ ಸರ್ಕಾರಿ ಸಂಸ್ಥೆಯ ಕೆಳಗೆ, ಮಕ್ಕಳು ಉಬುಂಟು ಆಧಾರದ ವ್ಯವಸ್ಥೆಯಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಹಾಗೆಯೇ. ಪ್ರೆಸ್ಸಿಗೆ ನಾಳೆ ಕೆಲಸಕ್ಕೆ ಸೇರುವ ಹುಡುಗಿಗೆ ಲಿನಕ್ಸಿನ ಪರದೆ ಅಪರಿಚಿತವಲ್ಲ. ಬೇರೆ ಕಡೆ ಸುಲಭಕ್ಕೆ ಸಿಗದ ಅನುಕೂಲ ಇದು. ಧನಿಗಳ ವಾದದಲ್ಲಿ ಅತಿ ಗಟ್ಟಿಯಾದ ಭಾಗವೂ ಇದೇ. ಅದನ್ನು ಮೊದಲೇ ಒಪ್ಪಿಕೊಳ್ಳಿ.

ಹಾಗಾದರೆ ಫ್ರೀಬಿಎಸ್‌ಡಿಯ ಪರವಾಗಿ ಉಳಿಯುವುದೇನು? ನನ್ನ ಮಟ್ಟಿಗೆ ಅದು ಜಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ, ಮತ್ತು ಫ್ರೀಬಿಎಸ್‌ಡಿಯೊಳಗೆ ಅದು ಬೆರೆತುಕೊಂಡಿರುವ ರೀತಿ.

ಸನ್ ಮೈಕ್ರೋಸಿಸ್ಟಮ್ಸ್ ಜಡ್‌ಎಫ್‌ಎಸ್ ಅನ್ನು 2005ರಲ್ಲಿ ಹೊರಗೆ ಬಿಟ್ಟಿತು. 2008ರಲ್ಲಿ ಬಂದ ಫ್ರೀಬಿಎಸ್‌ಡಿ 7.0ರಲ್ಲೇ ಅದು ಸೇರಿತು. ಪ್ರೆಸ್ಸಿನ ಕೆಲಸದಲ್ಲಿ ಅದರ ಉಪಯೋಗ ಹೀಗೆ. ಡಿಸ್ಕಿಗೆ ಬರೆದ ಪ್ರತಿ ತುಂಡಿಗೂ ಅದು ಒಂದು ಲೆಕ್ಕದ ಗುರುತು ಇಟ್ಟುಕೊಳ್ಳುತ್ತದೆ. ಐದು ವರ್ಷದ ಹಿಂದಿನ ದೇವಸ್ಥಾನದ ಸ್ಮರಣ ಸಂಚಿಕೆಯ ಫೈಲನ್ನು ಇವತ್ತು ತೆಗೆದಾಗ ಡಿಸ್ಕು ಒಳಗಿಂದೊಳಗೆ ಹಾಳಾಗಿದ್ದರೆ, ಗುರುತು ತಾಳೆಯಾಗುವುದಿಲ್ಲ. ಜೋಡಿ ಡಿಸ್ಕಿನಲ್ಲಿರುವ ಸರಿಯಾದ ಪ್ರತಿಯನ್ನು ಓದಿ, ಕೆಟ್ಟದ್ದನ್ನು ತಾನೇ ಸರಿಪಡಿಸುತ್ತದೆ. ಸಾಮಾನ್ಯ ಫೈಲ್ ವ್ಯವಸ್ಥೆಯಾದರೆ ಕೆಟ್ಟ ಫೈಲನ್ನೇ ಕೈಗೆ ಕೊಟ್ಟು ಸುಮ್ಮನಿರುತ್ತದೆ, ಪ್ಲೇಟ್ ಮಾಡುವಾಗ ಚಿತ್ರದ ಅರ್ಧ ಬೂದುಬಣ್ಣಕ್ಕೆ ತಿರುಗಿದ್ದು ಕಂಡಾಗಲೇ ಗೊತ್ತಾಗುವುದು. ಇನ್ನು ಹಳೆಯ ಜಾಗದ ಮೇಲೆ ತಿದ್ದಿ ಬರೆಯುವ ಪದ್ಧತಿ ಜಡ್‌ಎಫ್‌ಎಸ್‌ನಲ್ಲಿ ಇಲ್ಲ. ಹೊಸದನ್ನು ಬೇರೆ ಜಾಗದಲ್ಲಿ ಬರೆದು, ಪೂರ್ತಿಯಾದ ಮೇಲೆ ಅದರ ಕಡೆಗೆ ತಿರುಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಗಾಳಿಗೆ ಮರ ಬಿದ್ದು ಲೈನು ಕಡಿಯುವ ನಮ್ಮ ಊರಿನಲ್ಲಿ ಇದು ದೊಡ್ಡ ಮಾತು. ಕರೆಂಟು ಹೋದ ಕೊನೆಯ ಕೆಲವು ಸೆಕೆಂಡುಗಳ ಕೆಲಸ ಹೋಗಬಹುದು, ಡಿಸ್ಕಿನ ಒಟ್ಟು ಲೆಕ್ಕ ಕಲಸುಮೇಲೋಗರ ಆಗುವುದಿಲ್ಲ. ಯುಪಿಎಸ್ ಬೇಡವೆಂದಲ್ಲ, ಅದು ಇರಲೇಬೇಕು.

ಎಲ್ಲಕ್ಕಿಂತ ಮೇಲಿನದು ಸ್ನ್ಯಾಪ್‌ಶಾಟ್. ಇಡೀ ಫೈಲುಗಳ ಆ ಕ್ಷಣದ ಸ್ಥಿತಿಯನ್ನು ಒಂದು ಆಜ್ಞೆಯಲ್ಲಿ ಹಿಡಿದಿಡಬಹುದು, ಬದಲಾದಷ್ಟಕ್ಕೇ ಜಾಗ ಖರ್ಚು. ಗಂಟೆಗೊಂದು ಸ್ನ್ಯಾಪ್‌ಶಾಟ್ ತೆಗೆಯುವ ಹಾಗೆ ಮಾಡಿಟ್ಟು, ಫೈಲು ಹಂಚುವ ಸಾಂಬಾ ತಂತ್ರಾಂಶಕ್ಕೆ ಅದನ್ನು ತೋರಿಸಿಕೊಟ್ಟರೆ, ವಿಂಡೋಸ್ ಕಂಪ್ಯೂಟರಿನಲ್ಲಿ ಫೋಲ್ಡರಿನ ಮೇಲೆ ಬಲಗಡೆಯ ಬಟನ್ ಒತ್ತಿ ಪ್ರಾಪರ್ಟೀಸ್ ತೆರೆದಾಗ 'ಪ್ರೀವಿಯಸ್ ವರ್ಷನ್ಸ್' ಎಂಬಲ್ಲಿ ನಿನ್ನೆಯ, ಮೊನ್ನೆಯ, ಇವತ್ತು ಬೆಳಿಗ್ಗೆ ಹತ್ತರ ಪ್ರತಿಗಳು ಸಾಲಾಗಿ ಕಾಣುತ್ತವೆ. ಹುಡುಗ ಯಾರದೋ ಗೃಹಪ್ರವೇಶದ ಕಾಗದದ ಮೇಲೆ ಇನ್ನೊಬ್ಬರದ್ದನ್ನು ಸೇವ್ ಮಾಡಿಬಿಟ್ಟನೇ? ಅವನೇ ಹಿಂದಿನದನ್ನು ತೆಗೆದುಕೊಳ್ಳುತ್ತಾನೆ, ನಿಮ್ಮನ್ನು ಕರೆಯಬೇಕಾಗಿಲ್ಲ. ವಿಂಡೋಸ್ ಯಂತ್ರಕ್ಕೆ ಪೆನ್‌ಡ್ರೈವಿನಿಂದ ರಾನ್ಸಮ್‌ವೇರ್ ಬಂದು ಹಂಚಿದ ಫೋಲ್ಡರಿನ ಎಲ್ಲವನ್ನೂ ಬೀಗ ಹಾಕಿದರೂ ಹಳೆಯ ಸ್ನ್ಯಾಪ್‌ಶಾಟುಗಳನ್ನು ಅದು ಮುಟ್ಟಲಾರದು, ಅವು ಓದಲು ಮಾತ್ರ ಇರುವಂಥವು. ಸರ್ವರಿನ ರೂಟ್ ಪಾಸ್‌ವರ್ಡ್, ಅಂದರೆ ಎಲ್ಲ ಅಧಿಕಾರ ಇರುವ ಪಾಸ್‌ವರ್ಡ್, ಕಳ್ಳರ ಕೈಗೆ ಹೋದರೆ ಮಾತು ಬೇರೆ. ಅದನ್ನು ಡಿಟಿಪಿ ಯಂತ್ರಗಳಲ್ಲಿ ಎಲ್ಲಿಯೂ ಬರೆದಿಡಬೇಡಿ.

ಧನಿಗಳಿಗೆ ಇದನ್ನು ಬಾಯಲ್ಲಿ ಹೇಳಬೇಡಿ, ಮಾಡಿ ತೋರಿಸಿ. ಅವರ ಕಣ್ಣೆದುರೇ ಒಂದು ಫೋಲ್ಡರನ್ನು ಅಳಿಸಿ, ಅವರ ಕೈಯಿಂದಲೇ ವಾಪಸು ತರಿಸಿ.

ಗಡಿನಾಡಿನ ಪ್ರೆಸ್ಸುಗಳಿಗೆ ಬರುವ ಒಂದು ತೊಂದರೆಯನ್ನೂ ಇಲ್ಲಿ ಹೇಳಬೇಕು, ಬೇರೆ ಎಲ್ಲಿಯೂ ಇದರ ಬಗ್ಗೆ ಯಾರೂ ಬರೆಯುವುದು ಕಾಣೆ. ನಿಮ್ಮಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಫೈಲುಗಳಿಗೆ ಹೆಸರಿಡುತ್ತಾರೆಂದು ಊಹಿಸುತ್ತೇನೆ. 'ಬ್ರಹ್ಮಕಲಶೋತ್ಸವ' ಎಂಬ ಹೆಸರನ್ನೇ ನೋಡಿ. ಅದರಲ್ಲಿರುವ 'ಶೋ'ವಿನ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಏತ್ವ, ಕೊಂಬಿನ ದೀರ್ಘ, ಮೇಲಿನ ದೀರ್ಘ ಎಂದು ಮೂರು ಚಿಹ್ನೆಗಳಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಮ್ಯಾಕಿನ ಹಳೆಯ ಡಿಸ್ಕ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಂಥ ಡಿಸ್ಕಿನಿಂದ ನಕಲಾಗಿಯೋ ಜಿಪ್ ಆಗಿಯೋ ಬಂದ ಫೈಲು, ವಿಂಡೋಸಿನಲ್ಲಿ ಟೈಪ್ ಮಾಡಿದ ಫೈಲು ಅಕ್ಕಪಕ್ಕ ಕೂತು, ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲು ಹೇಗೆ ಬಂತೆಂದು ಜನ ತಲೆ ಕೆರೆದುಕೊಳ್ಳುತ್ತಾರೆ. ತಿದ್ದಿದ್ದು ಒಂದು, ಪ್ಲೇಟಿಗೆ ಹೋದದ್ದು ಇನ್ನೊಂದು! ಜಡ್‌ಎಫ್‌ಎಸ್‌ನಲ್ಲಿ ನಾರ್ಮಲೈಸೇಷನ್ ಎಂಬ ಒಂದು ಗುಣವನ್ನು ಆರಿಸಿಕೊಂಡರೆ ಈ ಎರಡು ರೂಪಗಳನ್ನು ಅದು ಒಂದೇ ಹೆಸರೆಂದು ಹಿಡಿಯುತ್ತದೆ. ಆದರೆ ಫೈಲುಗಳನ್ನಿಡುವ ವಿಭಾಗವನ್ನು ಸೃಷ್ಟಿಸುವಾಗಲೇ ಇದನ್ನು ಆರಿಸಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಮಲಯಾಳದ ಚಿಲ್ಲಕ್ಷರಗಳಿಗೆ, ಅಂದರೆ ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳಿಗೆ, ಮಾತ್ರ ಇದು ಮದ್ದಲ್ಲ. 2008ರ ಯೂನಿಕೋಡ್ 5.1ರಲ್ಲಿ ಚಿಲ್ಲುಗಳಿಗೆ ಸ್ವಂತ ಸಂಕೇತ ಸಿಕ್ಕಿತು, ಅದಕ್ಕೆ ಮೊದಲು ಕಾಣದ ಒಂದು ಜೋಡಕವನ್ನು ಸೇರಿಸಿ ಬರೆಯುತ್ತಿದ್ದರು. ಈ ಎರಡನ್ನು ಯೂನಿಕೋಡ್ ಸಮಾನವೆಂದು ಪರಿಗಣಿಸುವುದಿಲ್ಲ. ಹಳೆಯ ಕೀಬೋರ್ಡ್ ತಂತ್ರಾಂಶ ಇನ್ನೂ ಯಾರಾದರೂ ಬಳಸುತ್ತಿದ್ದರೆ ಅದನ್ನು ಬದಲಿಸುವುದೇ ದಾರಿ.

ಇಲ್ಲಿಗೆ ನೀವು ಗೆದ್ದೆವೆಂದು ತಿಳಿಯಬೇಡಿ. ಧನಿಗಳ ಕಡೆಯ ಯಾರಾದರೂ, ಬೆಂಗಳೂರಲ್ಲೋ ಕೊಚ್ಚಿಯಲ್ಲೋ ಇರುವ ಅಳಿಯನೋ ಮೊಮ್ಮಗನೋ, ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ: "ಜಡ್‌ಎಫ್‌ಎಸ್ ಉಬುಂಟುವಿನಲ್ಲೂ ಇದೆಯಲ್ಲ?" ಇದೆ. ಜಡ್‌ಎಫ್‌ಎಸ್‌ನ ಮುಕ್ತ ರೂಪವಾದ ಓಪನ್‌ಜಡ್‌ಎಫ್‌ಎಸ್‌ನ 2020ರಲ್ಲಿ ಬಂದ 2.0 ಆವೃತ್ತಿಯಿಂದ ಲಿನಕ್ಸಿಗೂ ಫ್ರೀಬಿಎಸ್‌ಡಿಗೂ ಒಂದೇ ಮೂಲ ಸಂಕೇತ. ಮೇಲೆ ಹೇಳಿದ ಸ್ನ್ಯಾಪ್‌ಶಾಟ್, ಹೆಸರಿನ ಗುಣ, ಪ್ರೀವಿಯಸ್ ವರ್ಷನ್ಸ್ ಎಲ್ಲವನ್ನೂ ಉಬುಂಟುವಿನಲ್ಲೂ ಮಾಡಬಹುದು. ಟ್ರೂನ್ಯಾಸ್ ಎಂಬ ಹೆಸರಾಂತ ಫೈಲ್ ಸರ್ವರ್ ವ್ಯವಸ್ಥೆ ಹುಟ್ಟಿದ್ದೇ ಫ್ರೀಬಿಎಸ್‌ಡಿಯ ಮೇಲೆ, ಈಗ ಅದನ್ನು ತಯಾರಿಸುವವರು ಲಿನಕ್ಸಿನ ಕಡೆಗೆ ಸರಿದಿದ್ದಾರೆ ಎಂಬುದನ್ನೂ ಅವರು ಎತ್ತಬಹುದು. ಅದೂ ನಿಜ. ಈ ಮಾತುಗಳು ಮೊದಲ ಬಾರಿಗೆ ಅವರ ಬಾಯಿಂದ ಬಂದರೆ ನೀವು ಏನನ್ನೋ ಮುಚ್ಚಿಟ್ಟಿರಿ ಎನಿಸುತ್ತದೆ. ನೀವೇ ಮೊದಲು ಹೇಳಿ.

ಹೇಳಿದ ಮೇಲೆ ಉಳಿಯುವ ವ್ಯತ್ಯಾಸ ಸಣ್ಣದು, ಆದರೆ ಗಟ್ಟಿಯಾದದ್ದು. ಲಿನಕ್ಸಿನ ಕರ್ನಲ್, ಅಂದರೆ ಅದರ ತಿರುಳು, ಇರುವುದು ಜಿಪಿಎಲ್‌ನಲ್ಲಿ, ಜಡ್‌ಎಫ್‌ಎಸ್ ಇರುವುದು ಸಿಡಿಡಿಎಲ್ ಎಂಬ ಲೈಸೆನ್ಸಿನಲ್ಲಿ. ಎರಡನ್ನೂ ಒಂದಾಗಿ ಬೆರೆಸುವಂತಿಲ್ಲ ಎಂಬುದು ಕರ್ನಲ್ ಬಳಗದ ನಿಲುವು. ಹಾಗಾಗಿ ಅದು ಯಾವತ್ತೂ ಹೊರಗಿನಿಂದ ಜೋಡಿಸಿದ ಭಾಗ. ಉಬುಂಟು ತಯಾರಾದ ಮಾಡ್ಯೂಲನ್ನೇ ಕೊಡುತ್ತದೆ, ತೊಂದರೆ ಕಡಿಮೆ. ಡೆಬಿಯನ್ನಿನಲ್ಲಿ ಕರ್ನಲ್ ಬದಲಾದಾಗಲೆಲ್ಲ ಅದನ್ನು ನಿಮ್ಮ ಯಂತ್ರದಲ್ಲೇ ಮತ್ತೆ ಕಟ್ಟಬೇಕು. ತಾನಾಗಿಯೇ ಆಗುತ್ತದೆ, ಒಮ್ಮೊಮ್ಮೆ ಎಡವುತ್ತದೆ. ಎಡವಿದ ಬೆಳಿಗ್ಗೆ ಫೈಲುಗಳು ಎಲ್ಲಿಯೂ ಹೋಗಿರುವುದಿಲ್ಲ, ಕಾಣುವುದೂ ಇಲ್ಲ. ಫ್ರೀಬಿಎಸ್‌ಡಿಯಲ್ಲಿ ಕರ್ನಲ್, ಜಡ್‌ಎಫ್‌ಎಸ್, ಬೂಟ್ ಆಗುವ ಭಾಗ, ಆಜ್ಞೆಗಳು ಎಲ್ಲವೂ ಒಂದೇ ಯೋಜನೆಯವರು ಒಟ್ಟಿಗೆ ಕಟ್ಟಿ, ಒಟ್ಟಿಗೆ ಪರೀಕ್ಷಿಸಿ ಬಿಡುವಂಥವು. ಅಪ್‌ಡೇಟಿಗೆ ಮೊದಲು ಇಡೀ ವ್ಯವಸ್ಥೆಯನ್ನು ಬೂಟ್ ಎನ್ವಿರಾನ್‌ಮೆಂಟ್ ಎಂಬ ಪ್ರತಿಯಾಗಿ ಇಟ್ಟುಕೊಳ್ಳಬಹುದು. ಅಪ್‌ಡೇಟ್ ಕೆಟ್ಟರೆ ಯಂತ್ರ ಏಳುವಾಗ ಬರುವ ಮೆನುವಿನಲ್ಲಿ ಹಳೆಯದನ್ನು ಆರಿಸಿದರೆ ಮುಗಿಯಿತು. ಇದನ್ನು ಫೋನಿನಲ್ಲಿ ಹೇಳಿಕೊಟ್ಟು ಯಾರಿಂದಲೂ ಮಾಡಿಸಬಹುದು, ನಾನು ಮಾಡಿಸಿದ್ದೇನೆ. ಮತ್ತೆ ಅದರ ಹ್ಯಾಂಡ್‌ಬುಕ್. ಒಂದು ಕಡೆ ಕೂತು ಓದಬಹುದಾದ, ಈಗಿನ ಆವೃತ್ತಿಗೆ ತಾಳೆಯಾಗುವ ಅಂಥ ಕೈಪಿಡಿ ಇದ್ದರೆ ಹೊಸಬರಿಗೆ ಕಲಿಸುವ ಶ್ರಮ ಅರ್ಧ ಇಳಿಯುತ್ತದೆ.

ಇದರ ಎದುರಿನ ಖರ್ಚುಗಳನ್ನೂ ಬರೆಯಿರಿ. ಉಬುಂಟು 24.04 ಹಾಕಿದರೆ 2029ರವರೆಗೆ ದೊಡ್ಡ ಬದಲಾವಣೆ ಇಲ್ಲದೆ ಭದ್ರತಾ ತೇಪೆಗಳು ಬರುತ್ತವೆ. 2023ರ ನವೆಂಬರಿನಲ್ಲಿ ಬಂದ ಫ್ರೀಬಿಎಸ್‌ಡಿ 14ರ ಶಾಖೆಗೆ 2028ರ ನವೆಂಬರ್ 30ರವರೆಗೆ ಆಯುಷ್ಯ, 15ರಿಂದ ಆ ಆಯುಷ್ಯ ನಾಲ್ಕು ವರ್ಷಕ್ಕೆ ಇಳಿಯುತ್ತದೆ. ಅದರೊಳಗಿನ 14.1, 14.2 ಎಂಬಂಥ ಬಿಡುಗಡೆಗಳಿಗೋ, ಮುಂದಿನದು ಬಂದ ಕೆಲವೇ ತಿಂಗಳವರೆಗೆ ಬೆಂಬಲ. ಅಂದರೆ ವರ್ಷಕ್ಕೆ ಒಂದೆರಡು ಸಲ ಸಣ್ಣ ಅಪ್‌ಗ್ರೇಡ್ ತಪ್ಪದು. ಈ ಲೆಕ್ಕದಲ್ಲಿ ಉಬುಂಟುವೇ ಮುಂದೆ. ಸಾಂಬಾದ ಹೊಸ ಆವೃತ್ತಿಗಳು ಫ್ರೀಬಿಎಸ್‌ಡಿಗೆ ಬರುವುದು ತುಸು ತಡ. ಪ್ರಿಂಟರು, ಸ್ಕ್ಯಾನರು, ವೈಫೈ ಇವುಗಳಲ್ಲಿ ಲಿನಕ್ಸ್ ಬಹಳ ಮುಂದಿದೆ. ನಿಮ್ಮದು ಮೂಲೆಯಲ್ಲಿ ತಂತಿಗೆ ಸಿಕ್ಕಿಸಿಟ್ಟ ಫೈಲ್ ಸರ್ವರ್ ಮಾತ್ರ ಆದ್ದರಿಂದ ಆ ಕೊನೆಯದು ಬಾಧಿಸುವುದಿಲ್ಲ. ಆದರೆ ಇದೇ ಕಾರಣಕ್ಕೆ, ಉಳಿದ ಯಂತ್ರಗಳಿಗೂ ಫ್ರೀಬಿಎಸ್‌ಡಿ ಹಾಕುವ ಯೋಚನೆ ಮನಸ್ಸಿನಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಪೇಜ್‌ಮೇಕರಿನಲ್ಲಿ ಮಾಡಿಟ್ಟ ಹದಿನೈದು ವರ್ಷದ ಕೆಲಸ ಇದ್ದರೆ ಡಿಟಿಪಿ ಯಂತ್ರಗಳು ಸದ್ಯ ವಿಂಡೋಸಿನಲ್ಲೇ ಇರಬೇಕು. ಒಂದು ಪೆಟ್ಟಿಗೆಯನ್ನು ಮಾತ್ರ ಕೇಳಿ.

ಈಗ ಆ "ನಾಳೆ ನೀನಿಲ್ಲದಿದ್ದರೆ" ಎಂಬ ಮಾತು. ಇದಕ್ಕೆ ಉತ್ತರ ನೀವು ಸರ್ವರನ್ನು ಕಟ್ಟುವ ರೀತಿಯಲ್ಲೇ ಇರಬೇಕು.

ವ್ಯವಸ್ಥೆಯನ್ನು ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿ ಹಾಕಿ, ಫೈಲುಗಳಿಗೆ ಬೇರೆಯೇ ಎರಡು ಡಿಸ್ಕುಗಳ ಜೋಡಿ ಇರಲಿ. ಆ ಜೋಡಿಯನ್ನು ಪೂಲ್ ಎಂಬ ಒಂದೇ ಸಂಗ್ರಹವಾಗಿ ಮಾಡುವಾಗ ಕಂಪ್ಯಾಟಿಬಿಲಿಟಿ ಎಂಬ ಗುಣದಲ್ಲಿ ಓಪನ್‌ಜಡ್‌ಎಫ್‌ಎಸ್ 2.1ರ ಮಟ್ಟವನ್ನು ಆರಿಸಿ. ಮುಂದೆ ಯಂತ್ರ "ಪೂಲನ್ನು ಅಪ್‌ಗ್ರೇಡ್ ಮಾಡಬಹುದು" ಎಂದು ಎಷ್ಟೇ ನೆನಪಿಸಿದರೂ ಮಾಡಬೇಡಿ. ಗೆಲಿ ಎಂಬ ಫ್ರೀಬಿಎಸ್‌ಡಿಯದೇ ಆದ ಗೂಢಲಿಪಿ ಪದರವನ್ನು ಈ ಡಿಸ್ಕುಗಳಿಗೆ ಹಾಕಲೇಬೇಡಿ, ಲಿನಕ್ಸಿಗೆ ಅದು ಓದಲು ಬರುವುದಿಲ್ಲ. ಇಷ್ಟು ಪಾಲಿಸಿದರೆ ಆ ಎರಡು ಡಿಸ್ಕುಗಳನ್ನು ಬಿಚ್ಚಿ, ಯಾವುದೇ ಉಬುಂಟು 22.04 ಅಥವಾ 24.04 ಯಂತ್ರಕ್ಕೆ ಸಿಕ್ಕಿಸಿ, ಒಂದು ಪ್ಯಾಕೇಜ್ ಹಾಕಿ, ಒಂದು ಇಂಪೋರ್ಟ್ ಆಜ್ಞೆ ಕೊಟ್ಟರೆ ಎಲ್ಲ ಫೈಲುಗಳೂ ಸ್ನ್ಯಾಪ್‌ಶಾಟುಗಳೊಂದಿಗೆ ತೆರೆದುಕೊಳ್ಳುತ್ತವೆ. ಅರ್ಥವಾಯಿತಲ್ಲ? ಧನಿಗಳು ನಂಬಿರುವ ಆ ಉಬುಂಟು ಹುಡುಗನೇ ನಿಮ್ಮ ಫ್ರೀಬಿಎಸ್‌ಡಿ ಸರ್ವರಿನ ಭರವಸೆ. ಎಲ್ಲ ಮಾತಿಗಿಂತ ದೊಡ್ಡದು ಇದು, ಧನಿಗಳಿಗೆ ಕೊಡುವ ಪತ್ರದಲ್ಲಿ ಇದನ್ನು ತಪ್ಪದೆ ಬರೆಯಿರಿ.

ಆಮೇಲೆ ಒಂದು ನೋಟ್‌ಬುಕ್. ಕಂಪ್ಯೂಟರಿನಲ್ಲಿ ಅಲ್ಲ, ಕಾಗದದ್ದು, ಸರ್ವರಿನ ಪಕ್ಕದಲ್ಲೇ ತೂಗುಹಾಕಿ. ಯಾವ ಡಿಸ್ಕು ಯಾವ ಕೇಬಲ್ಲಿಗೆ, ಬಯೋಸಿನಲ್ಲಿ ಯಾವುದು ಮೊದಲು, ಏಳದಿದ್ದರೆ ಏನು ಮಾಡಬೇಕು, ಇಂಪೋರ್ಟ್ ಆಜ್ಞೆ ಅಕ್ಷರಶಃ ಏನು. ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ. ತುರ್ತಿಗೆ ಕಾಞಂಗಾಡಿನಿಂದ ಬರುವವರಿಗೆ ಕನ್ನಡ ಓದಲು ಬಾರದೆ ಇರಬಹುದು. ಡಬ್ಬದ ಮೇಲೆ, ಎರಡೂ ಡಿಸ್ಕುಗಳ ಮೇಲೆ, ದೊಡ್ಡ ಅಕ್ಷರದಲ್ಲಿ ಅಂಟಿಸಿ: "ವಿಂಡೋಸಿಗೆ ಜೋಡಿಸಬೇಡಿ. ಫಾರ್ಮ್ಯಾಟ್ ಮಾಡಲು ಕೇಳಿದರೆ ಒಪ್ಪಬೇಡಿ." ಪ್ರೆಸ್ಸಿನಲ್ಲಿದ್ದೀರಿ, ಸ್ಟಿಕ್ಕರಿಗೆ ಬರವಿಲ್ಲ. ಬಯೋಸಿನ ಬ್ಯಾಟರಿಯನ್ನು ಈಗಲೇ ಹೊಸದು ಹಾಕಿ, ಹಾಕಿದ ದಿನವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಮತ್ತು ಎರಡನೆಯ ಒಬ್ಬರು. ಪ್ರೆಸ್ಸಿನೊಳಗಿನ ಯಾರಾದರೂ ಆಗಬಹುದು, ಪರಿಣತರೇ ಆಗಬೇಕೆಂದಿಲ್ಲ, ನೋಟ್‌ಬುಕ್ ನೋಡಿಕೊಂಡು ಮಾಡುವ ಧೈರ್ಯ ಇದ್ದರೆ ಸಾಕು. ಅವರು ನಿಮ್ಮ ಸಹಾಯವಿಲ್ಲದೆ ಒಮ್ಮೆ ಸರ್ವರನ್ನು ನಿಲ್ಲಿಸಿ ಏಳಿಸಬೇಕು, ಒಮ್ಮೆ ಡಿಸ್ಕುಗಳನ್ನು ಉಬುಂಟುವಿನಲ್ಲಿ ತೆರೆಯಬೇಕು. ನೀವು ಪಕ್ಕದ ಕೋಣೆಯಲ್ಲಿ ಕೂತು ಕೇಳಿದರೂ ಉತ್ತರಿಸಬೇಡಿ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಅಲ್ಲಿ ನೋಟ್‌ಬುಕ್ಕನ್ನು ತಿದ್ದಿ. ಇಂಥ ಒಬ್ಬರು ಸಿಗದಿದ್ದರೆ ನನ್ನ ಸಲಹೆ ನೇರವಾದದ್ದು: ಉಬುಂಟುವನ್ನೇ ಹಾಕಿ, ಅದರ ಮೇಲೆ ಜಡ್‌ಎಫ್‌ಎಸ್ ಕಟ್ಟಿ. ನಿಮ್ಮ ಪ್ರೆಸ್ಸಿಗೆ ಬೇಕಾದುದರ ಬಹುಪಾಲು ಅಲ್ಲಿಯೂ ಸಿಗುತ್ತದೆ.

ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದು ಧನಿಗಳಿಗೆ ಹೇಳಬೇಡಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರಿನ) ಸಿಡಿಲು ತಂತಿಯಲ್ಲಿ ಬಂದರೆ ಸರ್ವರು, ಯುಪಿಎಸ್ಸು, ಎರಡೂ ಡಿಸ್ಕು ಒಟ್ಟಿಗೇ ಹೋಗಬಹುದು. ಮೂರನೆಯ ಒಂದು ಡಿಸ್ಕಿಗೆ ವಾರಕ್ಕೊಮ್ಮೆ ಜಡ್‌ಎಫ್‌ಎಸ್‌ನ ಸೆಂಡ್ ಆಜ್ಞೆಯಿಂದ ಬದಲಾವಣೆಗಳನ್ನು ಕಳಿಸಿ, ತಂತಿ ಬಿಚ್ಚಿ, ಧನಿಗಳ ಮನೆಯಲ್ಲಿ ಇಡಿಸಿ. ಇಂಥ ಡಿಸ್ಕಿನ ಕ್ರಯಕ್ಕೆ ಅವರು ಚೌಕಾಶಿ ಮಾಡಿದರೆ, ಉಳಿದದ್ದನ್ನೆಲ್ಲ ಬಿಟ್ಟು ಅದೊಂದನ್ನು ಗೆಲ್ಲಿ.

ಸಮಯದ ಬಗ್ಗೆ. ಡಿಸೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ನೇಮ, ಕೋಲ, ಬಯಲಾಟ, ಬ್ರಹ್ಮಕಲಶ, ಮದುವೆಗಳ ಕೆಲಸ ಉಸಿರು ಬಿಡಲು ಕೊಡುವುದಿಲ್ಲ, ಜೂನಿನಲ್ಲಿ ಶಾಲೆಗಳ ಕೆಲಸ. ಆಟಿಯಲ್ಲಿ (ಜುಲೈ-ಆಗಸ್ಟಿನಲ್ಲಿ) ಮದುವೆಗಳಿಲ್ಲ, ಪ್ರೆಸ್ಸು ಸಡಿಲವಾಗಿರುತ್ತದೆ. ನಿಜವಾದ ಬದಲಾವಣೆಯನ್ನು ಆಗ ಇಟ್ಟುಕೊಳ್ಳಿ. ಅದಕ್ಕೆ ಮೊದಲು, ಈಗಲೇ, 8 ಜಿಬಿ ಮೆಮೊರಿ ಇರುವ ಯಾವುದಾದರೂ ಹಳೆಯ ಯಂತ್ರದಲ್ಲಿ ಕಟ್ಟಿ, ಪ್ರೆಸ್ಸಿನ ನಿಜವಾದ ಫೈಲುಗಳ ಒಂದು ಪ್ರತಿ ಹಾಕಿ, ಒಂಬತ್ತು ಕಂಪ್ಯೂಟರುಗಳಿಂದಲೂ ಮ್ಯಾಕಿನಿಂದಲೂ ಒಂದು ತಿಂಗಳು ಬಳಸಿ ನೋಡಿ.

ಧನಿಗಳಿಗೆ ಕೊಡುವ ಪತ್ರ ಒಂದು ಪುಟ ಮೀರದಿರಲಿ, ಅವರು ದಿನಪತ್ರಿಕೆ ಓದುವ ಭಾಷೆಯಲ್ಲೇ ಇರಲಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಈಗಿನ ಸರ್ವರಿಗೆ 2024ರ ಜೂನಿನಿಂದ ರಕ್ಷಣೆ ಇಲ್ಲ, ಬದಲಿಸಲೇಬೇಕು. ಫ್ರೀಬಿಎಸ್‌ಡಿ ಹಾಕಲು ಅನುಮತಿ ಕೇಳುತ್ತಿದ್ದೇನೆ. ನಾನಿಲ್ಲದ ದಿನ ಈ ಡಿಸ್ಕುಗಳನ್ನು ಉಬುಂಟು ಬಲ್ಲ ಯಾರಾದರೂ ತೆರೆಯಬಹುದು. ಬರುವ ಶನಿವಾರ ನಿಮ್ಮ ಎದುರಿಗೆ ತೆರೆಸಿ ತೋರಿಸುತ್ತೇನೆ. ಅಳಿಸಿದ ಫೈಲು ವಾಪಸು ತರುವುದನ್ನೂ ಅಂದೇ ತೋರಿಸುತ್ತೇನೆ. ವರ್ಷಕ್ಕೆ ಎರಡು ಸಲ ಅರ್ಧ ದಿನ ಅಪ್‌ಗ್ರೇಡಿಗೆ ಬೇಕು, ಉಬುಂಟುವಿಗೆ ಅಷ್ಟು ಬೇಡ. ಮನೆಯಲ್ಲಿಡಲು ಒಂದು ಡಿಸ್ಕು, ಒಂದು ಬ್ಯಾಟರಿ ಖರೀದಿಸಬೇಕು. ಆಟಿ ಮುಗಿಯುವ ಹೊತ್ತಿಗೆ ನಿಮಗೆ ಸಮಾಧಾನ ಆಗದಿದ್ದರೆ ಇದೇ ಡಿಸ್ಕುಗಳನ್ನು ಉಬುಂಟುವಿಗೆ ಜೋಡಿಸಿಕೊಡುತ್ತೇನೆ, ಒಂದು ಫೈಲೂ ನಕಲು ಮಾಡಬೇಕಾಗುವುದಿಲ್ಲ."

ಆ ಶನಿವಾರ ಡಿಸ್ಕು ಬಿಚ್ಚುವವರು ನೀವಾಗಬೇಡಿ. ಎರಡನೆಯವರ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ನೀವು ಧನಿಗಳ ಪಕ್ಕದಲ್ಲಿ ನಿಂತು ನೋಡಿ.